ಲ್ಯಾಪ್‌ಟಾಪ್‌ನಲ್ಲೇ ಇರುವ ಕ್ಯಾಮೆರಾ ವೀಣೆ ಪಾಠಕ್ಕೆ ಸಾಕೇ, ಬೇರೆಯದನ್ನು ಕೊಳ್ಳಲೇಬೇಕೇ?

ವೀಣೆಪಾಠ, ಮೈಸೂರು:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ವೀಣೆ ಕಲಿಸುವವಳು. ಮನೆಗೆ ಬಂದು ಕಲಿಯುವ ಮಕ್ಕಳ ಜೊತೆಗೆ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನಮ್ಮ ಕಡೆಯವರ ಮಕ್ಕಳಿಗೂ ಜೂಮ್ ಮೂಲಕ ಪಾಠ ಹೇಳುತ್ತೇನೆ. ಅಲ್ಲಿನ ಮಕ್ಕಳಿಗೆ ಶಾಲೆ, ಹೋಂವರ್ಕ್, ಈಜು ಎಲ್ಲ ಮುಗಿದು ಪುರುಸೊತ್ತಾಗುವುದು ರಾತ್ರಿ ಎಂಟಕ್ಕೆ. ಆಗ ನಮಗೆ ಬೆಳಗಿನ ಐದೂವರೆ. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡ ಮೇಲೆ ಆರೂವರೆ. ಬೇಗ ಏಳುವುದು ನನಗೆ ರೂಢಿ, ಅದರ ಬಗ್ಗೆ ದೂರಿಲ್ಲ.

ದೂರು ಕ್ಯಾಮೆರಾದ್ದು. ನನ್ನ ಲ್ಯಾಪ್‌ಟಾಪ್ ಕೊಂಡು ಕೆಲವು ವರ್ಷಗಳಾಗಿವೆ. ಪರದೆಯ ಮೇಲಂಚಿನಲ್ಲಿ 720ಪಿ ಕ್ಯಾಮೆರಾ ಇದೆ ಎಂದು ಬಿಲ್ಲಿನಲ್ಲಿ ಬರೆದಿದ್ದಾರೆ. ಸರಳೆ, ಜಂಟಿ ವರಸೆ ಕಲಿಯುವ ಚಿಕ್ಕವರಿಗೆ ಹೇಗೋ ನಡೆಯುತ್ತಿತ್ತು. ಆದರೆ ಒಬ್ಬ ಹುಡುಗಿ ಈಗ ಮುಂದಿನ ಹಂತದ ರಚನೆಯಾದ ವರ್ಣಕ್ಕೆ ಬಂದಿದ್ದಾಳೆ. ತೋಡಿ ರಾಗದ ಗಾಂಧಾರ ಸ್ವರಕ್ಕೆ ತಂತಿಯನ್ನು ಎಷ್ಟು ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅವಳು ಕಣ್ಣಿನಿಂದ ನೋಡಲೇಬೇಕು. ಅವಳ ತಾಯಿ ಬಹಳ ಸಂಕೋಚದಿಂದ, “ಟೀಚರ್, ನಿಮ್ಮ ಎಡಗೈ ಬರೀ ಮಸುಕಾಗಿ ಕಾಣುತ್ತದೆ, ಮುಖದ ಮೇಲೆ ಮರಳು ಎರಚಿದ ಹಾಗಿದೆ” ಎಂದರು. ಅವರು ಕಳಿಸಿದ ಚಿತ್ರ ನೋಡಿದೆ. ನನ್ನ ಗುರುತು ನನಗೇ ಸಿಗಲಿಲ್ಲ. ಸೀಲಿಂಗ್ ಫ್ಯಾನ್ ಮಾತ್ರ ಚೆನ್ನಾಗಿ ಬಂದಿತ್ತು.

ಕೂರುವ ರೀತಿ ಹೀಗಿದೆ: ನೆಲದ ಮೇಲೆ ಚಾಪೆ, ಎದುರಿಗೆ ಮಣೆಯ ಮೇಲೆ ಲ್ಯಾಪ್‌ಟಾಪ್, ನನ್ನ ಬೆನ್ನಿಗೆ ಪೂರ್ವದ ಕಿಟಕಿ, ತಲೆಯ ಮೇಲೆ ಸ್ವಲ್ಪ ಹಿಂದಕ್ಕೆ ಒಂದು ಟ್ಯೂಬ್‌ಲೈಟ್.

ಅಂಗಡಿಯಲ್ಲಿ ಕೇಳಿದರೆ, 720ಪಿ ಎಂಬುದು ಹಳೆಯ ಕಾಲದ ಮಾತು, 1080ಪಿ ಇರುವ ಹೊಸ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ 4ಕೆ ವೆಬ್‌ಕ್ಯಾಮ್ ಕೊಡಿಸುತ್ತೇನೆ ಎನ್ನುತ್ತಾನೆ. ಪಾಠದಿಂದ ಬರುವ ಹಣ ಎಷ್ಟೆಂದು ಗೊತ್ತಿದ್ದೂ ಇಬ್ಬರೂ ಹೀಗೆ ಹೇಳಿದರೆ ನಾನೇನು ಮಾಡಲಿ? ಇದ್ದ ಕ್ಯಾಮೆರಾದಲ್ಲೇ ಆಗುವ ಕೆಲಸವೇ ಇದು? ಆಗದಿದ್ದರೆ ಯಾಕೆ ಆಗದು ಎಂಬುದನ್ನೂ ದಯವಿಟ್ಟು ತಿಳಿಸಿ.


ತುಂತುರು:

1080ಪಿ ತೆಗೆದುಕೊಳ್ಳಿ ಮೇಡಂ. ಈಗಿನ ಕಾಲದಲ್ಲಿ 720ಪಿ ಯಾರೂ ಬಳಸುವುದಿಲ್ಲ.


ಮುಚ್ಚಳ ಬಿಚ್ಚುವವ, ಹುಬ್ಬಳ್ಳಿ:

ಅಕ್ಕನವರೇ, ದುಡ್ಡು ಎಣಿಸುವ ಮೊದಲು ಸ್ವಲ್ಪ ತಡೆಯಿರಿ.

ಹುಬ್ಬಳ್ಳಿಯಲ್ಲಿ ನನ್ನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಪರದೆ ಒಡೆದದ್ದು, ಹಿಂಜ್ ಮುರಿದದ್ದೇ ಹೆಚ್ಚಾಗಿ ಬರುವುದರಿಂದ ಮುಚ್ಚಳದೊಳಗೆ ಏನಿದೆ, ಏನಿಲ್ಲ ಎಂಬುದನ್ನು ದಿನವೂ ನೋಡುತ್ತೇನೆ. ಪರದೆಯ ಸುತ್ತಲಿನ ಪಟ್ಟಿಯನ್ನು ಬಿಡಿಸಿದರೆ ಮೇಲಂಚಿನಲ್ಲಿ ಕಿರುಬೆರಳಿಗಿಂತ ಸಪೂರವಾದ ಒಂದು ಬೋರ್ಡು ಅಂಟಿಸಿರುತ್ತಾರೆ. ಅದರ ನಡುವೆ ಕಡಲೆಬೇಳೆಯಷ್ಟು ಒಂದು ಲೆನ್ಸ್. ಅದಕ್ಕೊಂದು ತೆಳ್ಳನೆಯ ಕೇಬಲ್, ಹಿಂಜಿನ ಪಕ್ಕದಿಂದ ತೂರಿ ಕೆಳಗಿನ ಮದರ್‌ಬೋರ್ಡಿಗೆ ಹೋಗುತ್ತದೆ. ಸಾವಿರಗಟ್ಟಲೆ ರೂಪಾಯಿಯ ಯಂತ್ರದಲ್ಲಿ ಅತಿ ಅಗ್ಗದ ಬಿಡಿಭಾಗಗಳಲ್ಲಿ ಇದೂ ಒಂದು.

ತಯಾರಕರ ಜಿಪುಣತನ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಜಾಗ. ಮುಚ್ಚಳದ ಪೂರ್ತಿ ದಪ್ಪವೇ ಕೆಲವು ಮಿಲಿಮೀಟರ್. ಕ್ಯಾಮೆರಾಕ್ಕೆ ಅದರೊಳಗೆ ಸಿಗುವುದು ಎರಡು ಮೂರು ಮಿಲಿಮೀಟರ್. ನಿಮ್ಮ ಮೊಬೈಲ್ ಸುಮಾರು ಎಂಟು ಮಿಲಿಮೀಟರ್ ದಪ್ಪ ಇದೆ, ಅದೂ ಸಾಲದೆ ಹಿಂದಿನ ಕ್ಯಾಮೆರಾ ಉಬ್ಬಿಕೊಂಡು ಹೊರಗೆ ಬಂದಿದೆ. ಲೆನ್ಸಿಗೂ ಅದರ ಹಿಂದೆ ಬೆಳಕು ಹಿಡಿಯುವ ಸೆನ್ಸರ್‌ಗೂ ನಡುವೆ ಅಂತರ ಬೇಕು. ಅಂತರ ಕಡಿಮೆಯಾದರೆ ಸೆನ್ಸರ್ ಚಿಕ್ಕದಾಗಲೇಬೇಕು. ಒಳ್ಳೆಯ ಮೊಬೈಲಿನ ಹಿಂಬದಿಯ ಮುಖ್ಯ ಕ್ಯಾಮೆರಾದ ಸೆನ್ಸರ್ ಸಾಮಾನ್ಯ ಲ್ಯಾಪ್‌ಟಾಪಿನದಕ್ಕಿಂತ ವಿಸ್ತೀರ್ಣದಲ್ಲಿ ಆರೇಳು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟಿಗೂ ಮಿಕ್ಕಿ ದೊಡ್ಡದು. ಅಷ್ಟರಮಟ್ಟಿಗೆ ಹೆಚ್ಚು ಬೆಳಕು ಹಿಡಿಯುತ್ತದೆ.

ಈ ತೊಂದರೆಯಿಂದ ದೊಡ್ಡ ಕಂಪನಿಗಳೂ ತಪ್ಪಿಸಿಕೊಂಡಿಲ್ಲ. ಡೆಲ್ ಕಂಪನಿ 2015ರಲ್ಲಿ ಎಕ್ಸ್‌ಪಿಎಸ್ 13 ಮಾದರಿಯ ಪರದೆಯ ಅಂಚನ್ನು ಎಷ್ಟು ಸಣ್ಣದು ಮಾಡಿತೆಂದರೆ ಮೇಲೆ ಕ್ಯಾಮೆರಾ ಹಿಡಿಸಲಿಲ್ಲ, ಪರದೆಯ ಕೆಳಗೆ ಇಟ್ಟರು. ಎದುರಿನವರಿಗೆ ಮೂಗಿನ ಹೊಳ್ಳೆ ಮತ್ತು ಟೈಪ್ ಮಾಡುವ ಬೆರಳು ಕಾಣುತ್ತಿತ್ತು. 2019ರಲ್ಲಿ 2.25 ಮಿಲಿಮೀಟರಿನ ಕ್ಯಾಮೆರಾ ಮಾಡಿಸಿಕೊಂಡ ಮೇಲೆ ಅದು ವಾಪಸ್ ಮೇಲಕ್ಕೆ ಬಂತು. ಆಪಲ್ ಕೂಡ 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಕೊಟ್ಟದ್ದು 720ಪಿಯನ್ನೇ. ಏರ್‌ಗೆ 1080ಪಿ ಬಂದದ್ದು 2022ರ ಎಂ2 ಮಾದರಿಯಲ್ಲಿ. ಹಾಗಾಗಿ “ಯಾರೂ ಬಳಸುವುದಿಲ್ಲ” ಎಂದ ತುಂತುರು ಅವರು ನನ್ನ ಅಂಗಡಿಯ ಮೇಜನ್ನು ಒಮ್ಮೆ ನೋಡಬೇಕು.

ಈಗ ಆ 720 ಮತ್ತು 1080ರ ಲೆಕ್ಕ. 720ಪಿ ಎಂದರೆ 1280 ಗುಣಿಸು 720, ಸುಮಾರು 9.2 ಲಕ್ಷ ಚುಕ್ಕೆ. 1080ಪಿ ಎಂದರೆ ಸುಮಾರು 20.7 ಲಕ್ಷ. ಚುಕ್ಕೆ ಎರಡೂಕಾಲು ಪಟ್ಟು ಹೆಚ್ಚಾಯಿತು, ಸರಿ. ಸೆನ್ಸರ್ ಅಷ್ಟೇ ಇದ್ದು ಚುಕ್ಕೆ ಮಾತ್ರ ಹೆಚ್ಚಾದರೆ ಒಂದೊಂದು ಚುಕ್ಕೆಗೆ ಸಿಗುವ ಬೆಳಕು ಕಡಿಮೆಯಾಗುತ್ತದೆ. ಹಗಲಿನಲ್ಲಿ ಇದು ಗೊತ್ತಾಗುವುದಿಲ್ಲ. ನಿಮ್ಮ ಐದೂವರೆ ಗಂಟೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮತ್ತೆ, ಕ್ಯಾಮೆರಾ ಹಿಡಿದದ್ದೆಲ್ಲ ನ್ಯೂಜೆರ್ಸಿಗೆ ತಲುಪುವುದೂ ಇಲ್ಲ. ಇಬ್ಬರ ನಡುವಿನ ಕರೆಗೆ 720ಪಿ ಕಳಿಸಲು 1.2 ಎಂಬಿಪಿಎಸ್ ನೆಟ್ ವೇಗ ಬೇಕೆಂದು ಜೂಮ್ ಹೇಳುತ್ತದೆ, 1080ಪಿಗೆ ಅದರ ಮೂರು ಪಟ್ಟಿನ ಆಸುಪಾಸು. ಮಧ್ಯದಲ್ಲಿ ನೆಟ್ ಸ್ವಲ್ಪ ತೊದಲಿದರೆ ಸಾಕು, ಅದು ತಾನಾಗಿಯೇ ಇನ್ನೂ ಕೆಳಗಿಳಿಯುತ್ತದೆ. 4ಕೆ ಕ್ಯಾಮೆರಾ ಕೊಂಡ ನಿಮ್ಮ ಮಗನಿಗೆ ಸಂತೋಷವಾಗಬಹುದು, ಆ ಹುಡುಗಿಯ ಐಪ್ಯಾಡಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ನಿಮ್ಮ ಎಡಗೈ ಮಸುಕಾಗುವುದಕ್ಕೆ ಕಾರಣ ಹೇಳುತ್ತೇನೆ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯಬೇಕು. ಬೆಳಕು ಸಾಲದೆ ಹೋದಾಗ ಅದು ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದುಕೊಂಡಿರುತ್ತದೆ. ಆಗ ಸೆಕೆಂಡಿಗೆ 15 ಚಿತ್ರ, ಕೆಲವೊಮ್ಮೆ ಅದಕ್ಕೂ ಕಡಿಮೆ. ಹದಿನೈದನೇ ಒಂದು ಸೆಕೆಂಡಿನಲ್ಲಿ ಸ್ವರವನ್ನು ಆಡಿಸುವ ಗಮಕದ ಬೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ನನಗಿಂತ ನಿಮಗೆ ಗೊತ್ತು. ಅಷ್ಟೂ ಓಡಾಟ ಒಂದೇ ಚಿತ್ರದೊಳಗೆ ಕಲಸಿಕೊಳ್ಳುತ್ತದೆ. ಇಷ್ಟಾದರೂ ಬೆಳಕು ಸಾಲದಿದ್ದರೆ ಸಿಕ್ಕ ಸಂಕೇತವನ್ನೇ ಹಿಗ್ಗಿಸುತ್ತದೆ. ಆ ತಾಯಿ ಮರಳು ಎಂದದ್ದು ಇದನ್ನೇ. ಮರಳು ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಇರುವುದರಿಂದ ಜೂಮ್‌ಗೆ ಅದನ್ನು ಕುಗ್ಗಿಸಿ ಕಳಿಸುವುದು ಕಷ್ಟ. ಕೊನೆಗೆ ಮರಳನ್ನೂ ಮುಖದ ವಿವರವನ್ನೂ ಒಟ್ಟಿಗೇ ಒರೆಸಿ ಹಾಕುತ್ತದೆ.

ಆದ್ದರಿಂದ ಇವತ್ತೇ, ಖರ್ಚಿಲ್ಲದೆ ಮಾಡಬಹುದಾದದ್ದು ಕುಳಿತ ದಿಕ್ಕನ್ನು ಬದಲಿಸುವುದು. ಕಿಟಕಿ ನಿಮ್ಮ ಎದುರಿಗೆ ಬರಲಿ, ಲ್ಯಾಪ್‌ಟಾಪಿನ ಬೆನ್ನು ಕಿಟಕಿಯ ಕಡೆಗಿರಲಿ. ಆರೂವರೆಯ ಪಾಠದಲ್ಲಿ ಬೆಳಕು ಹರಿದ ಹಾಗೆಲ್ಲ ಕಿಟಕಿ ಬೆನ್ನಿಗಿದ್ದರೆ ಕ್ಯಾಮೆರಾ ಅದನ್ನು ನೋಡಿ “ಬೇಕಾದಷ್ಟು ಬೆಳಕಿದೆ” ಎಂದುಕೊಂಡು ನಿಮ್ಮನ್ನು ಇನ್ನೂ ಕಪ್ಪು ಮಾಡುತ್ತದೆ. ಐದೂವರೆಯ ಕತ್ತಲಿಗೆ ಎದುರಿನ ಬಿಳಿ ಗೋಡೆಗೆ ಮುಖ ಮಾಡಿದ ಒಂದು ಟೇಬಲ್ ಲ್ಯಾಂಪ್ ಸಾಕು. ಮಾಮೂಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಹಾಕಿ. ಬೆಳಕು ಗೋಡೆಗೆ ಬಡಿದು ನಿಮ್ಮ ಮೇಲೆ ಬರಬೇಕು, ನೇರವಾಗಿ ಕಣ್ಣಿಗೆ ಬೇಡ. ಪರದೆಯ ಮೇಲೆ ಪಟ್ಟೆ ಪಟ್ಟೆಯಾಗಿ ಅಲೆ ಹರಿದರೆ ಹೆದರಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಕ್ಯಾಮೆರಾಗಳಲ್ಲಿ ದೀಪದ ಮಿನುಗು ತಡೆಯುವ ಫ್ಲಿಕರ್ ಹೊಂದಿಕೆ ಅಮೆರಿಕದ 60ಕ್ಕೆ ಇಟ್ಟಿರುತ್ತದೆ. ಅದನ್ನು 50 ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ.

ಇನ್ನೊಂದು. ನಕ್ಕರೂ ಚಿಂತೆಯಿಲ್ಲ, ಮಾಡಿ. ಕನ್ನಡಕದ ಬಟ್ಟೆ ತೆಗೆದುಕೊಂಡು ಆ ಲೆನ್ಸನ್ನು ಒರೆಸಿ. ಮುಚ್ಚಳ ತೆರೆಯುವಾಗ ಎಲ್ಲರೂ ಹೆಬ್ಬೆರಳು ಇಡುವುದು ಮೇಲಂಚಿನ ನಡುಮಧ್ಯಕ್ಕೆ, ಸರಿಯಾಗಿ ಕ್ಯಾಮೆರಾದ ಮೇಲೆ. “ಕ್ಯಾಮೆರಾ ಕೆಟ್ಟಿದೆ, ಬದಲಿಸಿಕೊಡಿ” ಎಂದು ಬಂದವರ ಲ್ಯಾಪ್‌ಟಾಪನ್ನು ಕೌಂಟರಿನ ಮೇಲೆಯೇ ಒರೆಸಿ ವಾಪಸ್ ಕಳಿಸಿದ್ದೇನೆ. ದುಡ್ಡು ಕೇಳಲು ನಾಚಿಕೆಯಾಗುತ್ತದೆ. ವೀಣೆಗೆ ಮುಂಚೆ ಊದುಬತ್ತಿ ಹಚ್ಚುವ ಅಭ್ಯಾಸವಿದ್ದರೆ ಇನ್ನೂ ಆಗಾಗ ಒರೆಸಿ.

ಇಷ್ಟು ಮಾಡಿದರೆ ನಿಮ್ಮ ಮುಖಕ್ಕೆ ಆ 720ಪಿ ಧಾರಾಳವಾಗಿ ಸಾಕು. ಮಾತಾಡುವುದಕ್ಕೆ, ಮಕ್ಕಳ ತಪ್ಪು ತಿದ್ದುವುದಕ್ಕೆ, ತಾಳ ತೋರಿಸುವುದಕ್ಕೆ ಹೊಸದೇನೂ ಬೇಡ.

ಬೆರಳಿಗೆ ಮಾತ್ರ ಸಾಲದು. ಲ್ಯಾಪ್‌ಟಾಪಿನ ಕ್ಯಾಮೆರಾ ಎಷ್ಟೇ ಒಳ್ಳೆಯದಾಗಲಿ, ಅದನ್ನು ಕೂರಿಸಿರುವುದು ಮುಖ ನೋಡಲು. ವೀಣೆ ಇರುವುದು ತೊಡೆಯ ಮೇಲೆ. ನಿಮ್ಮ ಎಡಗೈ ವೀಣೆಯ ಉದ್ದನೆಯ ದಂಡಿಯ ಆಚೆಯಿಂದ ಬಳಸಿ, ತಂತಿಯ ಕೆಳಗಿನ ಮೆಟ್ಟಿಲ ಮೇಲೆ ಬರುತ್ತದೆ. ಎದುರಿನಿಂದ ನೋಡುವವರಿಗೆ ಕೈಯ ಹಿಂಬದಿಯೇ ಹೆಚ್ಚು ಕಾಣುತ್ತದೆ, ತಂತಿ ಎಷ್ಟು ಸರಿಯಿತು ಎಂಬುದು ಕಾಣುವುದಿಲ್ಲ. ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ತಂದರೂ ಅದರ ಮುಚ್ಚಳವನ್ನು ನೀವು ವೀಣೆಯ ಮೇಲೆ ತೂಗುಹಾಕಲು ಆಗುವುದಿಲ್ಲ. ಮೇಲಿನಿಂದ ನೋಡುವ ಎರಡನೇ ಕಣ್ಣು ಬೇಕು, ಅದು ನಿಮ್ಮ ಹತ್ತಿರ ಆಗಲೇ ಇದೆ: ನಿಮ್ಮ ಮೊಬೈಲ್.

ಅದನ್ನು ಕ್ಯಾಮೆರಾ ಮಾಡಲು ದಾರಿಗಳು ಹಲವು. ಐಫೋನೂ ಮ್ಯಾಕೂ ಇದ್ದವರಿಗೆ 2022ರಿಂದ ತಂತಿಯೇ ಇಲ್ಲದೆ ಆಗುತ್ತದೆ. ಆಂಡ್ರಾಯ್ಡ್ 14 ಬಂದ ಮೇಲೆ ಕೆಲವು ಫೋನುಗಳು ಯುಎಸ್‌ಬಿ ಕೇಬಲ್ ಹಾಕಿದರೆ ವೆಬ್‌ಕ್ಯಾಮ್ ಆಗುತ್ತವೆ. ನಿಮಗೆ ನಾನು ಹೇಳುವುದು ಎಲ್ಲಕ್ಕಿಂತ ಸುಲಭದ್ದು. ಅದೇ ಪಾಠಕ್ಕೆ ಮೊಬೈಲಿನಿಂದಲೂ ಇನ್ನೊಬ್ಬರಂತೆ ಸೇರಿಕೊಳ್ಳಿ. ಮೊಬೈಲ್ ಸೇರುವಾಗ ಆಡಿಯೋ ಬೇಡವೆನ್ನಿ, ಇಲ್ಲದಿದ್ದರೆ ಎರಡೂ ಸೇರಿ ಊಳಿಡುತ್ತವೆ. ಹಿಂದಿನ ಕ್ಯಾಮೆರಾ ಆಯ್ದುಕೊಳ್ಳಿ. ಫೋನನ್ನು ಹಿಡಿದು ನಿಲ್ಲಿಸಲು ಬಾಗುವ ಕ್ಲಾಂಪ್ ಬೇಕು. ನೂರಿನ್ನೂರು ರೂಪಾಯಿಗೆ ಸಿಗುವುದು ಅಲುಗಾಡುತ್ತದೆ, ಸ್ವಲ್ಪ ಹೆಚ್ಚು ಕೊಟ್ಟು ಗಟ್ಟಿಯಾದದ್ದನ್ನು ತನ್ನಿ. ಬೆರಳು ನೋಡಬೇಕಾದಾಗ ಮಕ್ಕಳು ಆ ಎರಡನೇ ಚಿತ್ರವನ್ನು ಪಿನ್ ಮಾಡಿಕೊಳ್ಳಲಿ, ಅಂದರೆ ತಮ್ಮ ಪರದೆಯಲ್ಲಿ ದೊಡ್ಡದಾಗಿ ನಿಲ್ಲಿಸಿಕೊಳ್ಳಲಿ.

ಲ್ಯಾಪ್‌ಟಾಪ್ ಬದಲಿಸಿ ಎಂದ ಅಂಗಡಿಯವರಿಗೆ ನನ್ನ ನಮಸ್ಕಾರ ತಿಳಿಸಿ.


ಸಂದರ್ಶನಮಾಡುವವಳು, ಬೆಂಗಳೂರು:

ಹುಬ್ಬಳ್ಳಿಯವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ನನ್ನ ಕೆಲಸವೇ ದಿನವಿಡೀ ಅಭ್ಯರ್ಥಿಗಳನ್ನು ವಿಡಿಯೋ ಕರೆಯಲ್ಲಿ ಮಾತಾಡಿಸುವುದು. ಯಾರ ಕ್ಯಾಮೆರಾ ಎಷ್ಟು ಪಿ ಎಂದು ಒಂದು ದಿನವೂ ನನಗೆ ಅನಿಸಿದ್ದಿಲ್ಲ. ಕತ್ತಲಲ್ಲಿ ಕೂತವರು ಯಾರು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಗಲ್ಲ ತೋರಿಸುತ್ತಿರುವವರು ಯಾರು ಎಂಬುದು ಮಾತ್ರ ಕೂಡಲೇ ಕಾಣುತ್ತದೆ. ಟೀಚರ್, ಆ ಮಣೆಯ ಮೇಲೆ ನಾಲ್ಕಾರು ದಪ್ಪ ಪುಸ್ತಕ ಪೇರಿಸಿ ಲೆನ್ಸ್ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ. ಫ್ಯಾನ್ ತಾನಾಗಿ ಚಿತ್ರದಿಂದ ಹೊರಗೆ ಹೋಗುತ್ತದೆ.

ಆದರೆ ಬೇರೆ ಕ್ಯಾಮೆರಾ ದಂಡ ಎಂಬ ಧ್ವನಿಗೆ ನನ್ನ ತಕರಾರಿದೆ. ನಾನು ದೊಡ್ಡ ಮಾನಿಟರ್ ಇಟ್ಟುಕೊಂಡು, ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಳ್ಳಿ ಕೆಲಸ ಮಾಡುತ್ತೇನೆ. ಅದರ ಕ್ಯಾಮೆರಾ ಹಾಕಿದರೆ ಅಭ್ಯರ್ಥಿಗೆ ನನ್ನ ಕಿವಿ ಕಾಣುತ್ತದೆ. ಎದುರಿಗಿದ್ದವರ ಮುಖ ನೋಡದೆ ಮಾತಾಡಿದ ಹಾಗೆ ಆಗುತ್ತದೆ, ಅದು ಮರ್ಯಾದೆಯಲ್ಲ. ನಾನು ಬಳಸುವುದು ಲಾಜಿಟೆಕ್‌ನ ಸಿ920. 2012ರಲ್ಲಿ ಬಂದ ಮಾದರಿ, ಇವತ್ತಿಗೂ ಜನ ಕೊಳ್ಳುತ್ತಾರೆ. 2020ರ ಲಾಕ್‌ಡೌನಿನಲ್ಲಿ ಎಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅದರ ಚಿತ್ರ ಅದ್ಭುತವೇನಲ್ಲ. ಬೇಕಾದ ಜಾಗದಲ್ಲಿ ಸಿಕ್ಕಿಸಬಹುದು, ಅದಕ್ಕೇ ನಾನು ಹಣ ಕೊಟ್ಟದ್ದು. ಅದರ ಕೆಳಗೆ ಟ್ರೈಪಾಡ್‌ಗೆ ಸ್ಕ್ರೂ ಹಾಕುವ ತೂತೂ ಇದೆ. ಟೀಚರ್ ಅವರ ಫೋನು ಪಾಠದ ನಡುವೆ ರಿಂಗಾಗುವುದು ಬೇಡವೆಂದಿದ್ದರೆ ಇದೂ ಒಂದು ದಾರಿ.


ಮುಚ್ಚಳ ಬಿಚ್ಚುವವ, ಹುಬ್ಬಳ್ಳಿ:

ಮಾನಿಟರಿನ ಮಾತು ಸರಿ, ಅಲ್ಲಿ ಬೇರೆ ಕ್ಯಾಮೆರಾ ಬೇಕೇ ಬೇಕು. ನನ್ನ ತಕರಾರು ಇರುವುದು ಚಿತ್ರ ಚೆನ್ನಾಗಿ ಬರುತ್ತದೆ ಎಂಬ ಒಂದೇ ಆಸೆಯಿಂದ ಅಗ್ಗದ್ದನ್ನು ಕೊಳ್ಳುವವರ ಬಗ್ಗೆ. ಸಿ270ರಂಥ ಚಿಕ್ಕ ಮಾದರಿಯೂ 720ಪಿಯೇ, ಫೋಕಸ್ ಬದಲಾಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಇದ್ದದ್ದನ್ನೇ ಇನ್ನೊಂದು ಡಬ್ಬಿಯಲ್ಲಿ ಕೊಂಡ ಹಾಗೆ. ಸಿ920ರಲ್ಲಿ ಫೋಕಸ್ ತಾನೇ ಹೊಂದಿಕೊಳ್ಳುತ್ತದೆ, ಆದರೆ ವೀಣೆಯ ಮೇಲೆ ಕೈ ಓಡಾಡುವಾಗ ಅದು ಕೈಯನ್ನು ನೋಡಲೋ ತಂತಿಯನ್ನು ನೋಡಲೋ ಎಂದು ತಡಕಾಡುವುದುಂಟು. ಹಾಗೇನಾದರೂ ಕೊಂಡರೆ ಆಟೋಫೋಕಸ್ ಆಫ್ ಮಾಡಿ, ಮೆಟ್ಟಿಲಿಗೆ ಒಮ್ಮೆ ಹೊಂದಿಸಿ ಬಿಟ್ಟುಬಿಡಿ. ಫೋನು ರಿಂಗಾಗುವುದಕ್ಕೆ ವಿಮಾನದ ಮೋಡ್ ಹಾಕಿ ವೈಫೈ ಮಾತ್ರ ತೆರೆದರೆ ಆಯಿತು. ವಾಟ್ಸ್‌ಆ್ಯಪ್ ಕರೆ ಆಗಲೂ ಬರುತ್ತದೆ, ಅದಕ್ಕೆ ಡು ನಾಟ್ ಡಿಸ್ಟರ್ಬ್ ಕೂಡ ಒತ್ತಿ.


ಸನ್ನೆ, ಶಿವಮೊಗ್ಗ:

ವೀಣೆ ನನಗೆ ಗೊತ್ತಿಲ್ಲ. ಆದರೆ ಬೆರಳು ಮಸುಕಾಗುವ ಸಂಕಟ ಚೆನ್ನಾಗಿ ಗೊತ್ತು. ನನ್ನ ತಮ್ಮನಿಗೆ ಕಿವಿ ಕೇಳಿಸುವುದಿಲ್ಲ, ನಾವಿಬ್ಬರೂ ಮಾತಾಡುವುದು ಸನ್ನೆ ಭಾಷೆಯಲ್ಲಿ. ಅವನು ಪುಣೆಯಲ್ಲಿ ಕೆಲಸಕ್ಕಿದ್ದಾನೆ. ರಾತ್ರಿ ಕರೆ ಮಾಡಿದಾಗ ಚಿತ್ರ ತೊದಲಿದರೆ ನಮಗೆ ಅದು ಧ್ವನಿ ಕಡಿದ ಹಾಗೆಯೇ, ಅರ್ಧ ವಾಕ್ಯ ಹೋಗಿಬಿಡುತ್ತದೆ. ನಮಗೆ ಸ್ಪಷ್ಟತೆಗಿಂತ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದೇ ಮುಖ್ಯ. ಚಿತ್ರ ಸ್ವಲ್ಪ ಒರಟಾಗಿದ್ದರೂ ಓಟ ನಿಲ್ಲಬಾರದು. ಇಬ್ಬರದ್ದೂ ಮಾಮೂಲಿ ಲ್ಯಾಪ್‌ಟಾಪುಗಳೇ. ನಾವು ಮಾಡಿಕೊಂಡದ್ದು ಇಷ್ಟು: ಮುಂದಿನಿಂದ ಬೆಳಕು, ಹಿಂದೆ ಬಣ್ಣ ಬಣ್ಣದ ಪರದೆ ಇಲ್ಲದ ಖಾಲಿ ಗೋಡೆ, ಮತ್ತು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಸೊಂಟದಿಂದ ಮೇಲೆ ಎರಡೂ ಕೈ ಚೌಕಟ್ಟಿನೊಳಗೆ ಬರುವಷ್ಟು ದೂರ. ಹಿನ್ನೆಲೆ ಮಸುಕು ಮಾಡುವ ಸೌಲಭ್ಯವನ್ನು ಮಾತ್ರ ಹಾಕಬೇಡಿ. ಕೈ ಬೇಗ ಆಡಿಸಿದರೆ ಅದು ಬೆರಳುಗಳನ್ನೇ ಹಿನ್ನೆಲೆ ಎಂದು ತಿಳಿದು ಅಳಿಸುತ್ತದೆ.


ಪಿಟೀಲು, ಸಿಂಗಪುರ:

ಅಮ್ಮಾ, ಎಲ್ಲರೂ ಕಣ್ಣಿನ ಬಗ್ಗೆಯೇ ಹೇಳುತ್ತಿದ್ದಾರೆ, ಕಿವಿಯ ಬಗ್ಗೆ ಯಾರೂ ಎತ್ತಲಿಲ್ಲ. ನಾನೂ ಆನ್‌ಲೈನಿನಲ್ಲಿ ಪಿಟೀಲು ಕಲಿಸುತ್ತೇನೆ. ಈ ಕರೆಗಳೆಲ್ಲ ಮನುಷ್ಯರ ಮಾತಿಗಾಗಿ ಮಾಡಿದವು. ಒಂದೇ ಸಮನೆ ನಿಂತ ನಾದ ಬಂದರೆ ಅದನ್ನು ಫ್ಯಾನಿನ ಸದ್ದೆಂದೋ ಮಿಕ್ಸಿಯೆಂದೋ ತಿಳಿದು ಅಡಗಿಸುತ್ತವೆ. ನೀವು ತಂತಿ ಮೀಟಿದ ಮೊದಲ ಏಟು ಕೇಳಿಸುತ್ತದೆ, ಅದರ ಹಿಂದೆ ಬರುವ ಕಾರ್ವೆ ಸತ್ತುಹೋಗುತ್ತದೆ. ಶ್ರುತಿಪೆಟ್ಟಿಗೆಯ ಗತಿಯಂತೂ ಕೇಳಬೇಡಿ. ತೋಡಿಯ ಗಾಂಧಾರ ಆ ಹುಡುಗಿಗೆ ಕಾಣದಿರುವುದು ಅರ್ಧ ಸಮಸ್ಯೆ, ಎಳೆದ ಮೇಲೆ ಉಳಿಯುವ ನಾದ ಕೇಳದಿರುವುದು ಇನ್ನರ್ಧ ಇರಬಹುದು.

ಜೂಮ್‌ನ ಆಡಿಯೋ ಸೆಟ್ಟಿಂಗಿನಲ್ಲಿ “ಒರಿಜಿನಲ್ ಸೌಂಡ್ ಫಾರ್ ಮ್ಯೂಸಿಷಿಯನ್ಸ್” ಎಂಬುದಿದೆ. ಅದನ್ನು ಆರಿಸಿಕೊಂಡ ಮೇಲೆ ಪ್ರತಿ ಪಾಠದ ಶುರುವಿನಲ್ಲೂ ಪರದೆಯ ಮೂಲೆಯಲ್ಲಿ ಅದು ಆನ್ ಆಗಿದೆಯೇ ನೋಡಿ. ಇಬ್ಬರೂ ಇಯರ್‌ಫೋನ್ ಹಾಕಿಕೊಂಡರೆ ಪ್ರತಿಧ್ವನಿ ಅಡಗಿಸುವುದನ್ನೂ ತೆಗೆಯಬಹುದು. ಗೂಗಲ್ ಮೀಟ್ ಬಳಸಿದರೆ ನಾಯ್ಸ್ ಕ್ಯಾನ್ಸಲೇಷನ್ ಆಫ್ ಮಾಡಿ. ಕೈಯಲ್ಲಿ ಸ್ವಲ್ಪ ಹಣ ಇದ್ದರೆ ಕ್ಯಾಮೆರಾಕ್ಕೆ ಹಾಕಬೇಡಿ, ಒಂದು ಯುಎಸ್‌ಬಿ ಮೈಕ್ ಕೊಂಡು ವೀಣೆಯ ದುಂಡನೆಯ ದೊಡ್ಡ ಭಾಗವಾದ ಕೊಡದ ಹತ್ತಿರ ಇಡಿ. ಲ್ಯಾಪ್‌ಟಾಪಿನ ಮೈಕ್ ಮಂದ್ರ ಸ್ಥಾಯಿಯನ್ನು ತಿಂದುಹಾಕುತ್ತದೆ.


ವೀಣೆಪಾಠ, ಮೈಸೂರು:

ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಲೆನ್ಸ್ ಒರೆಸಿದೆ. ಬಟ್ಟೆಗೆ ಅಂಟಿದ್ದನ್ನು ಇಲ್ಲಿ ವರ್ಣಿಸುವುದಿಲ್ಲ. ಕುಳಿತ ದಿಕ್ಕು ಬದಲಿಸಿ ಗೋಡೆಗೆ ದೀಪ ಹಾಕಿದ್ದಕ್ಕೆ ಆ ತಾಯಿ, “ಟೀಚರ್, ಹೊಸ ಕ್ಯಾಮೆರಾ ತಗೊಂಡಿರಾ?” ಎಂದು ಕೇಳಿದರು. ಒರಿಜಿನಲ್ ಸೌಂಡ್ ಹಾಕಿದ ಮೇಲೆ ಹುಡುಗಿ ತಾನಾಗಿಯೇ ಕಾರ್ವೆ ಹಿಡಿದು ನಿಲ್ಲಿಸಿದಳು. ಅಲ್ಲಿಯವರೆಗೆ ನಾನು ಅವಳಿಗೆ ಆತುರ ಎಂದು ಗದರುತ್ತಿದ್ದೆ. ಸಿಂಗಪುರದವರಿಗೆ ವಿಶೇಷ ವಂದನೆ.

ಮೊಬೈಲಿನದ್ದೊಂದು ಗೋಳು ಉಳಿದಿದೆ. ಕ್ಲಾಂಪ್ ತಂದು ಎದುರಿನ ಮಣೆಗೆ ಸಿಕ್ಕಿಸಿ, ವೀಣೆಯ ಮೇಲೆ ಬಾಗಿಸಿ ಮಲಗಿಸಿದೆ. ಮೆಟ್ಟಿಲು, ತಂತಿ, ಬೆರಳ ತುದಿ ಎಲ್ಲ ಕನ್ನಡಿಯಷ್ಟು ಸ್ಪಷ್ಟ. ಆದರೆ ಮಕ್ಕಳಿಗೆ ಅದು ತಲೆಕೆಳಗಾಗಿ ಕಾಣುತ್ತದಂತೆ. ಒಮ್ಮೆ ಸರಿಯಾಗುತ್ತದೆ, ಫೋನನ್ನು ಮುಟ್ಟಿದರೆ ಮತ್ತೆ ತಿರುಗುತ್ತದೆ. ಜೊತೆಗೆ ಚಿಕ್ಕವನೊಬ್ಬ, “ಮಿಸ್, ಕೊಡ ಯಾವ ಕಡೆ?” ಎಂದು ಕೇಳುತ್ತಾನೆ. ಎಡ ಬಲ ಅದಲು ಬದಲಾಗಿ ಹೋಗುತ್ತಿದೆಯೇ? ಅದನ್ನು ತಿರುಗಿಸುವ ಗುಂಡಿ ಎಲ್ಲಿದೆ?


ಮುಚ್ಚಳ ಬಿಚ್ಚುವವ, ಹುಬ್ಬಳ್ಳಿ:

ಗುಂಡಿ ಹುಡುಕಬೇಡಿ ಅಕ್ಕನವರೇ, ಕ್ಲಾಂಪಿನ ಜಾಗ ಬದಲಿಸಿ. ಫೋನನ್ನು ಪೂರ್ತಿ ಮಲಗಿಸಿದರೆ ತನ್ನ ತಲೆ ಯಾವುದು ಕಾಲು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ, ಮುಟ್ಟಿದಾಗೆಲ್ಲ ಹೊಸದಾಗಿ ಊಹಿಸುತ್ತದೆ. ಎದುರಿನಿಂದ ತೆಗೆದು ನಿಮ್ಮ ಎಡಭುಜದ ಹಿಂದೆ ಒಂದು ಸ್ಟೂಲಿಗೋ ಕುರ್ಚಿಯ ಬೆನ್ನಿಗೋ ಸಿಕ್ಕಿಸಿ. ಭುಜದ ಮೇಲಿನಿಂದ ಓರೆಯಾಗಿ ವೀಣೆಯನ್ನು ನೋಡುವಂತೆ, ಫೋನು ಅಡ್ಡವಾಗಿ, ಸ್ವಲ್ಪ ನಿಂತ ಭಂಗಿಯಲ್ಲಿರಲಿ. ಆಗ ನಿಮಗೆ ವೀಣೆ ಹೇಗೆ ಕಾಣುತ್ತದೋ ಮಕ್ಕಳಿಗೂ ಹಾಗೆಯೇ ಕಾಣುತ್ತದೆ. ಕೊಡ ಬಲಕ್ಕೆ, ಇನ್ನೊಂದು ತುದಿಯ ಬುರುಡೆ ಎಡಕ್ಕೆ. ಚಿಕ್ಕವನು ತನ್ನ ತೊಡೆಯ ಮೇಲಿನ ವೀಣೆಗೆ ಹೋಲಿಸಿಕೊಳ್ಳಬಹುದು.

ಎಡ ಬಲ ಕೆಟ್ಟಿಲ್ಲ. ಲ್ಯಾಪ್‌ಟಾಪಿನಲ್ಲಿ ನಿಮ್ಮದೇ ಚಿತ್ರ ನಿಮಗೆ ಮಾತ್ರ ಕನ್ನಡಿಯಂತೆ ಕಾಣುತ್ತದೆ, ಮಕ್ಕಳಿಗೆ ನೇರವಾಗಿಯೇ ಹೋಗುತ್ತದೆ. ಅವನಿಗೆ ಗೊಂದಲವಾದದ್ದು ಎದುರು ಕೂತ ನಿಮ್ಮ ವೀಣೆಯನ್ನೂ ಮೇಲಿನಿಂದ ತಲೆಕೆಳಗಾದ ವೀಣೆಯನ್ನೂ ಒಟ್ಟಿಗೆ ನೋಡಿದ್ದರಿಂದ. ಅವನು ಮೊಬೈಲಿನ ಚಿತ್ರವೊಂದನ್ನೇ ಪಿನ್ ಮಾಡಿಕೊಳ್ಳಲಿ.

ಪಾಠ ಮುಗಿಯುವವರೆಗೆ ಚಾರ್ಜರ್ ಹಾಕಿಡಿ, ಫೋನಿನ ಹಿಂದಿನ ಕವರ್ ತೆಗೆದಿಡಿ. ಬಿಸಿಯಾದರೆ ಅದೂ ಚಿತ್ರದ ಓಟವನ್ನು ಇಳಿಸುತ್ತದೆ.